ದಕ್ಷಿಣೆ ಮತ್ತು ದಾಕ್ಷಿಣ್ಯ



ನಮ್ಮ ದೇವಸ್ಥಾನದ ಅಡುಗೆಮನೆಯ ಚಾವಣಿ ಸೋರುವ ಸಂಗತಿ ನಿಮಗೆಲ್ಲ ಗೊತ್ತೇ ಇದೆ. ಚಳಿಗಾಲ ಮುಗಿದು ಹಿಮ ಕರಗಲು ಶುರುವಾಯಿತೆಂದರೆ ಒಲೆಯ ಪಕ್ಕದಲ್ಲೊಂದು ಬಕೆಟ್ ಇಡಲೇಬೇಕು. ಇಂಥ ಕೆಲಸಗಳಿಗೆ ಹಣ ಕೂಡಿಸುವ ಕಮಿಟಿಯಲ್ಲಿ ಹಲವು ವರ್ಷಗಳಿಂದ ನಾನೂ ಇದ್ದೇನೆ. ಕಳೆದ ಸಭೆಯಲ್ಲಿ ಕಿರಿಯ ಸದಸ್ಯರೊಬ್ಬರು ಒಂದು ಸಲಹೆ ಮುಂದಿಟ್ಟರು. ಜನ ಯಾಕೆ ಕೊಡುತ್ತಾರೆ, ಯಾವಾಗ ಕೊಡುತ್ತಾರೆ, ಹೇಗೆ ಕೇಳಿದರೆ ಹೆಚ್ಚು ಕೊಡುತ್ತಾರೆ ಎಂಬುದರ ಬಗ್ಗೆ ಮನಶ್ಶಾಸ್ತ್ರಜ್ಞರೂ ಸಮಾಜಶಾಸ್ತ್ರಜ್ಞರೂ ಬೇಕಾದಷ್ಟು ಸಂಶೋಧನೆ ಮಾಡಿದ್ದಾರೆ, ದೊಡ್ಡ ದೊಡ್ಡ ಸಂಸ್ಥೆಗಳೆಲ್ಲ ಅದನ್ನು ಬಳಸುತ್ತಿರುವಾಗ ನಾವೇಕೆ ಬಳಸಬಾರದು ಎಂಬುದು ಅವರ ವಾದ. ಹಿರಿಯರೊಬ್ಬರಿಗೆ ಇದು ಸರಿಬರಲಿಲ್ಲ. "ದೇವರ ಕೆಲಸಕ್ಕೆ ತಂತ್ರ ಬೇಕೇನಪ್ಪಾ? ಕೊಡುವವರು ಭಕ್ತಿಯಿಂದ ಕೊಡ್ತಾರೆ, ಕೊಡದವರು ಏನು ಮಾಡಿದರೂ ಕೊಡೋದಿಲ್ಲ" ಎಂದರು. ಚರ್ಚೆ ಕಾಫಿ ಆರುವ ತನಕ ನಡೆದು, ತೀರ್ಮಾನವಾಗದೆ ಮುಗಿಯಿತು. ಮನೆಗೆ ಬಂದ ಮೇಲೂ ನನ್ನ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ಅದಕ್ಕೊಂದು ಕಾರಣವಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

2019ರ ನವೆಂಬರ್, ನಮ್ಮ ವಾರ್ಷಿಕ ಭೋಜನಕೂಟ. ಆಗ ಪಾರ್ಕಿಂಗ್ ಜಾಗಕ್ಕೆ ಟಾರು ಹಾಕಿಸಬೇಕಿತ್ತು. ಮೈಕು ನನ್ನ ಕೈಯಲ್ಲಿತ್ತು. "ಸಾವಿರದ ಒಂದು ಡಾಲರ್ ಕೊಡುವ ಮಹನೀಯರು ಕೈ ಎತ್ತಿ" ಎಂದು ಕೂಗಿ, ಎತ್ತಿದವರ ಹೆಸರು ಹೇಳಿ ಚಪ್ಪಾಳೆ ಹಾಕಿಸಿದೆ. ಎರಡನೆಯ ಸುತ್ತಿನಲ್ಲಿ ಟೇಬಲ್‌ಗಳ ಹತ್ತಿರವೇ ಹೋಗಿ, "ಏನು, ಈ ಟೇಬಲ್‌ನಿಂದ ಯಾರೂ ಇಲ್ಲವೇ?" ಎಂದು ನಗುನಗುತ್ತಾ ಕೇಳಿದೆ. ಸಭೆಯೂ ನಕ್ಕಿತು. ನನಗೆ ಪರಿಚಯದವರೇ ಒಬ್ಬರು, ಪಕ್ಕದಲ್ಲಿ ಕುಳಿತಿದ್ದ ಹೆಂಡತಿಯ ಮುಖ ಒಮ್ಮೆ ನೋಡಿ, ಕೈ ಎತ್ತಿದರು. ಆ ರಾತ್ರಿ ಗುರಿ ಮುಟ್ಟಿತು. ಎಲ್ಲರೂ ನನ್ನ ಬೆನ್ನು ತಟ್ಟಿದರು.

ಮೂರು ತಿಂಗಳ ಮೇಲೆ, ಬಾಕಿ ಉಳಿದ ಪ್ಲೆಡ್ಜ್‌ಗಳಿಗೆ ಫೋನ್ ಮಾಡುವ ಕೆಲಸವೂ ನನ್ನ ಪಾಲಿಗೇ ಬಂತು. ಅವರ ಮನೆಯಲ್ಲಿ ಫೋನ್ ಎತ್ತಿದ್ದು ಹೆಂಡತಿ. ಭೋಜನಕೂಟಕ್ಕೆ ಬರುವ ಹೊತ್ತಿಗೇ ಅವರ ಕೆಲಸ ಹೋಗಿ ಎರಡು ತಿಂಗಳಾಗಿತ್ತಂತೆ. "ತಿಂಗಳಿಗೆ ನೂರರ ಹಾಗೆ ಕೊಟ್ಟರೆ ಆಗುತ್ತಾ ಅಣ್ಣಾ?" ಎಂದು ಕೇಳಿದರು. ಬೇಡವೇ ಬೇಡ, ಮರೆತುಬಿಡಿ ಎಂದೆ. ಆದರೂ ಹತ್ತು ತಿಂಗಳು ತಪ್ಪದೆ ನೂರು ಡಾಲರಿನ ಚೆಕ್ ಬಂತು. ಹನ್ನೊಂದನೆಯ ತಿಂಗಳು ಒಂದು ಡಾಲರಿನ ಚೆಕ್ ಬಂತು. ಅವರು ಮಾತ್ರ ಬರಲಿಲ್ಲ. ನಡುವೆ ಕೋವಿಡ್ ಬಂದು ದೇವಸ್ಥಾನದ ಬಾಗಿಲೇ ಮುಚ್ಚಿದ್ದರಿಂದ, ಯಾರು ಬರುತ್ತಿಲ್ಲ, ಯಾಕೆ ಬರುತ್ತಿಲ್ಲ ಎಂದು ವಿಚಾರಿಸುವುದೂ ತಪ್ಪಿಹೋಯಿತು. ಬಾಗಿಲು ತೆರೆದ ಮೇಲೂ ಅವರು ಬರಲಿಲ್ಲ.

ಆ ರಾತ್ರಿ ನಾನು ಯಾವ ಮನಶ್ಶಾಸ್ತ್ರದ ಪುಸ್ತಕವನ್ನೂ ಓದಿದವನಲ್ಲ. ಆದರೆ ಮೈಕು, ಹೆಸರು, ಚಪ್ಪಾಳೆ, ನಗು, ಇವೆಲ್ಲ ಏನು? ತಂತ್ರವೇ. ನಮ್ಮ ಹಿರಿಯರು ತಂತ್ರ ಬೇಡ ಎನ್ನುವಾಗ ನಾವು ಇದುವರೆಗೆ ತಂತ್ರವಿಲ್ಲದೆ ಹಣ ಕೂಡಿಸಿದ್ದೇವೆ ಎಂದು ಭಾವಿಸಿದ್ದಾರೆ. ಹಾಗೇನೂ ಇಲ್ಲ. ಮಾಡುತ್ತಿರುವುದು ಏನೆಂದು ತಿಳಿಯದೆ ಮಾಡಿದ್ದೇವೆ, ಅಷ್ಟೆ.

"ಕೊಡದವರು ಏನು ಮಾಡಿದರೂ ಕೊಡೋದಿಲ್ಲ" ಎಂಬ ಮಾತೂ ಪರೀಕ್ಷೆಗೆ ನಿಲ್ಲುವುದಿಲ್ಲ. 1973ರಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬಿಬ್ಬರು ಪ್ರಕಟಿಸಿದ ಒಂದು ಪ್ರಯೋಗವಿದೆ. ಪ್ರಿನ್ಸ್‌ಟನ್ನಿನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಒಂದು ಉಪನ್ಯಾಸ ಕೊಡಲು ಪಕ್ಕದ ಕಟ್ಟಡಕ್ಕೆ ಕಳಿಸಿದರು. ಕೆಲವರ ಉಪನ್ಯಾಸದ ವಿಷಯ, ದಾರಿಯಲ್ಲಿ ಬಿದ್ದ ಅಪರಿಚಿತನನ್ನು ಎತ್ತಿ ಉಪಚರಿಸಿದವನ ಬೈಬಲ್ ಕಥೆಯೇ. ದಾರಿಯಲ್ಲಿ ಒಬ್ಬ ಮನುಷ್ಯ ಕೆಮ್ಮುತ್ತಾ ನರಳುತ್ತಾ ಬಿದ್ದಿರುವಂತೆ ಮೊದಲೇ ಏರ್ಪಾಡಾಗಿತ್ತು. ಇನ್ನೂ ಸಮಯವಿದೆ ಎಂದು ಹೇಳಿ ಕಳಿಸಿದವರಲ್ಲಿ ಶೇಕಡಾ 63 ಮಂದಿ ಅವನಿಗೆ ನೆರವಾದರು. ತಡವಾಗಿದೆ, ಓಡಿ ಎಂದು ಕಳಿಸಿದವರಲ್ಲಿ ನೆರವಾದವರು ಶೇಕಡಾ 10 ಮಾತ್ರ. ಓದುತ್ತಿದ್ದ ಶಾಸ್ತ್ರ ಒಂದೇ, ಗಡಿಯಾರ ಬೇರೆ. ಮಂಗಳಾರತಿ ಮುಗಿದು ಮಕ್ಕಳನ್ನು ಸಾಕರ್ ಕ್ಲಾಸಿಗೆ ಬಿಡಲು ಓಡುತ್ತಿರುವ ತಾಯಿಗೆ ಬಾಗಿಲಲ್ಲಿ ರಸೀದಿ ಪುಸ್ತಕ ಹಿಡಿದು, ಅವಳು ನಿಲ್ಲದಿದ್ದರೆ "ಜಿಪುಣಿ" ಎಂದುಕೊಳ್ಳುವ ನಮ್ಮಂಥವರು ಇದನ್ನು ತಿಳಿದಿರುವುದು ಒಳ್ಳೆಯದು.

ಆದ್ದರಿಂದ ತಿಳಿವಳಿಕೆ ಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ. ತಿಳಿದ ಮೇಲೆ ಅದನ್ನು ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಬಳಸಬಾರದು ಎಂಬುದು ಪ್ರಶ್ನೆ.

ದಕ್ಷಿಣೆ, ದಾಕ್ಷಿಣ್ಯ ಎರಡೂ ಒಂದೇ ಬೇರಿನ ಮಾತುಗಳು. ಮನಸ್ಸಿನಿಂದ ಕೊಟ್ಟರೆ ದಕ್ಷಿಣೆ. ಎದುರಿಗಿದ್ದವರ ಮುಖ ನೋಡಿ, ಇಲ್ಲವೆನ್ನಲಾಗದೆ ಒಪ್ಪಿಕೊಂಡರೆ ದಾಕ್ಷಿಣ್ಯ. ದಾಕ್ಷಿಣ್ಯಕ್ಕೆ ಸಿಕ್ಕಿಕೊಂಡರೆ ಏನಾಗುತ್ತದೆಂದು ನಮ್ಮಲ್ಲೊಂದು ಗಾದೆಯಿದೆ, ದೇವಸ್ಥಾನದ ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ, ನಿಮಗೆ ಗೊತ್ತಿರುತ್ತದೆ. ಹಣ ಕೂಡಿಸುವವರ ಕೈಯಲ್ಲಿರುವ ಅತಿ ಬಲವಾದ ಆಯುಧ ಈ ದಾಕ್ಷಿಣ್ಯವೇ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ 1984ರಲ್ಲಿ ಬರೆದ "ಇನ್‌ಫ್ಲುಯೆನ್ಸ್" ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ಹಿಂದೆ ಇಲ್ಲಿನ ವಿಮಾನ ನಿಲ್ದಾಣಗಳಲ್ಲಿ ಹರೇ ಕೃಷ್ಣ ಭಕ್ತರು ಪ್ರಯಾಣಿಕರ ಕೈಗೆ ಒಂದು ಹೂವು ಕೊಡುತ್ತಿದ್ದರು. ಬೇಡವೆಂದರೂ ವಾಪಸು ತೆಗೆದುಕೊಳ್ಳುತ್ತಿರಲಿಲ್ಲ, ಅದು ನಮ್ಮ ಉಡುಗೊರೆ ಎನ್ನುತ್ತಿದ್ದರು. ಆಮೇಲೆ ದೇಣಿಗೆ ಕೇಳುತ್ತಿದ್ದರು. ಒಂದು ವಸ್ತು ಪಡೆದಾದ ಮೇಲೆ ಇಲ್ಲವೆನ್ನುವುದು ಕಷ್ಟ, ಜನ ಹಣ ಕೊಟ್ಟು ಪಾರಾಗುತ್ತಿದ್ದರು. ಮುಂದೆ ಹೋಗಿ ಹೂವನ್ನು ಕಸದ ಡಬ್ಬಿಗೆ ಹಾಕುತ್ತಿದ್ದರು. ಆ ಹೂವು ಡಬ್ಬಿಯಿಂದ ಎತ್ತಿದ ಮೇಲೆ ಮತ್ತೊಬ್ಬರ ಕೈಗೆ ಹೋಗುತ್ತಿತ್ತು ಎಂದು ಚಾಲ್ಡಿನಿ ಬರೆಯುತ್ತಾರೆ. ಓದಿ ನಗು ಬಂತು, ಆಮೇಲೆ ನಾವೇ ಅಂಚೆಯಲ್ಲಿ ಕಳಿಸುವ ಕ್ಯಾಲೆಂಡರಿನ ನೆನಪಾಗಿ ನಗು ನಿಂತಿತು.

ಕೊಟ್ಟದ್ದಕ್ಕೆ ಪ್ರತಿಯಾಗಿ ಕೊಡಬೇಕೆನ್ನುವ ಈ ಭಾವನೆ ಅಮೆರಿಕದ್ದಲ್ಲ, ಎಲ್ಲ ಮನುಷ್ಯರದು. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ಉಡುಗೊರೆಯ ಮೇಲೆ ಬರೆದ ಪ್ರಸಿದ್ಧ ಪ್ರಬಂಧದಲ್ಲಿ, ಕೊಡುವುದು, ಕೊಟ್ಟಿದ್ದನ್ನು ಸ್ವೀಕರಿಸುವುದು, ಹಿಂದಿರುಗಿಸುವುದು, ಈ ಮೂರೂ ಸಮಾಜದ ಕಟ್ಟುಪಾಡುಗಳೇ ಎಂದು ತೋರಿಸಿದ. ನಮ್ಮ ಮಹಾಭಾರತದ ಅನುಶಾಸನ ಪರ್ವದ ದಾನಧರ್ಮದ ಭಾಗವನ್ನೂ ಅವನು ಅಲ್ಲಿ ಚರ್ಚಿಸುತ್ತಾನೆ. ಆದರೆ ಹಳ್ಳಿಯ ಮದುವೆ ನೋಡಿದವರಿಗೆ ಮೋಸ್ ಬೇಕಿಲ್ಲ. ಚಪ್ಪರದಡಿ ಒಬ್ಬರು ನೋಟುಪುಸ್ತಕ ಹಿಡಿದು ಮುಯ್ಯಿ ಬರೆಯುತ್ತಿದ್ದರಲ್ಲ, ಇಂಥವರ ಮನೆಯಿಂದ ಇಷ್ಟು ಎಂದು? ಆ ಪುಸ್ತಕ ಟ್ರಂಕಿನಲ್ಲಿ ಭದ್ರವಾಗಿರುತ್ತಿತ್ತು. ಅವರ ಮನೆಯ ಮದುವೆಗೆ ಹೋಗುವ ಮುನ್ನ ಅಜ್ಜಿ ಅದನ್ನು ತೆಗೆಸಿ ಓದಿಸುತ್ತಿದ್ದಳು. ಮುಯ್ಯಿ ಲೆಕ್ಕ ಬಹಿರಂಗ, ಅದರಲ್ಲಿ ಮೋಸವಿಲ್ಲ. ಇಲ್ಲಿನ ಆದಾಯ ತೆರಿಗೆ ಇಲಾಖೆಗೂ ಅಜ್ಜಿಯ ಬುದ್ಧಿಯೇ: ನೂರು ಡಾಲರ್ ಕೊಟ್ಟು ನಲವತ್ತು ಡಾಲರಿನ ಊಟ ಮಾಡಿದರೆ ತೆರಿಗೆಯ ಲೆಕ್ಕದಲ್ಲಿ ಅರವತ್ತು ಮಾತ್ರ ದಾನ. ಹೂವಿನ ಪ್ರಸಂಗದಲ್ಲಿ ತಪ್ಪಿರುವುದು ಪ್ರತಿಫಲದಲ್ಲಲ್ಲ. ಒಬ್ಬರಿಗೆ ಗೊತ್ತಿರುವ ಲೆಕ್ಕ ಇನ್ನೊಬ್ಬರಿಗೆ ಗೊತ್ತಿಲ್ಲ, ತಪ್ಪು ಅಲ್ಲಿದೆ.

ಕಮಿಟಿಯಲ್ಲಿ ಇನ್ನೊಂದು ಆಕ್ಷೇಪಣೆ ಬಂತು. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಗುರು ಶಿಷ್ಯನಿಗೆ ದಾನದ ಬಗ್ಗೆ ಹೇಳುವಾಗ ಶ್ರದ್ಧೆಯ ಜೊತೆಗೆ ಲಜ್ಜೆಯನ್ನೂ ಭಯವನ್ನೂ ಸೇರಿಸಿದ್ದಾನಲ್ಲ, ನಾಚಿಕೆಯಿಂದ ಕೊಟ್ಟರೂ ದಾನವೇ ಅಲ್ಲವೇ ಎಂದು ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ, ಆಗ ನನಗೆ ಉತ್ತರ ಹೊಳೆಯಲಿಲ್ಲ. ಈಗ ಅನಿಸುತ್ತದೆ, ಆ ಮಾತು ಹೇಳಿರುವುದು ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ, ಅಂದರೆ ಮುಂದೆ ಗೃಹಸ್ಥನಾಗಿ ಕೊಡಬೇಕಾದವನಿಗೆ. ಅವನು ತನ್ನ ನಾಚಿಕೆಯನ್ನು ದಾನದ ಕಡೆ ತಿರುಗಿಸಿಕೊಂಡರೆ ಅದು ಅವನ ಸಾಧನೆ. ಆದರೆ ಕೇಳುವವನು ಎದುರಿನವನಲ್ಲಿ ನಾಚಿಕೆ ಹುಟ್ಟಿಸಬಹುದು ಎಂದು ಅಲ್ಲಿ ಎಲ್ಲೂ ಅಪ್ಪಣೆಯಿಲ್ಲ. ಗೀತೆಯ ಹದಿನೇಳನೆಯ ಅಧ್ಯಾಯದ ಸಾತ್ವಿಕ, ರಾಜಸ, ತಾಮಸ ದಾನಗಳ ವಿಂಗಡಣೆಯೂ ಕೊಡುವವನಿಗೆ ಹಿಡಿದ ಕನ್ನಡಿ. ನಾವು ಕಮಿಟಿಯವರು ಆ ಕನ್ನಡಿಯನ್ನು ಬೇರೆಯವರ ಮುಖಕ್ಕೆ ಹಿಡಿಯುತ್ತೇವೆ. ತೆಗೆದುಕೊಳ್ಳುವವರಿಗೆ ಸ್ಮೃತಿಗಳು ಬೇರೆಯೇ ಎಚ್ಚರಿಕೆ ಕೊಟ್ಟಿವೆ: ಅರ್ಹತೆ ಇದ್ದರೂ ಪ್ರತಿಗ್ರಹದ ಚಟ ಹತ್ತಿಸಿಕೊಳ್ಳಬೇಡ, ತೇಜಸ್ಸು ಹೋಗುತ್ತದೆ ಎಂದು.

ಹಾಗಾದರೆ ಗೋಡೆಯ ಮೇಲೆ ದಾನಿಗಳ ಹೆಸರು ಕೆತ್ತಿಸುವುದೂ ತಪ್ಪೇ? ನನಗೆ ಹಾಗೆ ಅನಿಸುವುದಿಲ್ಲ. ಕನ್ನಡನಾಡಿನ ತುಂಬ ಇರುವ ದಾನಶಾಸನಗಳು ಇನ್ನೇನು? ಕೊಟ್ಟವರ ಹೆಸರು, ಭೂಮಿಯ ಎಲ್ಲೆ, ಕಡೆಗೆ ಈ ದಾನವನ್ನು ಕೆಡಿಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗುತ್ತಾನೆ ಎಂಬ ಶಾಪ. (ನಮ್ಮ ಟ್ರಸ್ಟಿಗಳ ಬೈಲಾದಲ್ಲಿ ಇಂಥದ್ದೊಂದು ಕಲಂ ಸೇರಿಸಬಹುದು.) ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು, ಅಲ್ಲಿನ 1007ರ ಶಾಸನ ಇಲ್ಲದಿದ್ದರೆ ನಮಗೆ ಅವಳ ಬಗ್ಗೆ ಎಷ್ಟು ತಿಳಿಯುತ್ತಿತ್ತು? ಹೆಸರು ಬೇಕೆನ್ನುವವರು ಹೆಸರು ಪಡೆಯಲಿ. ಗುಪ್ತದಾನ ಮಾಡುವವರು ಮಾಡಲಿ. ಹೆಸರು ಹಾಕಿಸದಿದ್ದರೆ ಮಾನ ಹೋಗುತ್ತದೆಂಬ ಸ್ಥಿತಿಗೆ ಯಾರನ್ನೂ ತರದಿದ್ದರೆ ಸಾಕು.

ಇನ್ನು ಚಾವಣಿಯ ವಿಷಯ. ಯೋಚಿಸಿದಷ್ಟೂ ನನಗೆ ತೋರುವುದೇನೆಂದರೆ, ಇದಕ್ಕೆ ನಾವು ಕೇಳುತ್ತಿರುವುದು ದಾನವೇ ಅಲ್ಲ. ಆ ಚಾವಣಿಯ ಕೆಳಗೆ ಬಿಸಿಬೇಳೆಬಾತ್ ಬೇಯುವುದು ನಮಗಾಗಿ, ಉಣ್ಣುವವರು ನಾವೇ. ಊರ ಜಾತ್ರೆಗೆ ಮನೆಮನೆಯಿಂದ ಎತ್ತುತ್ತಿದ್ದರಲ್ಲ, ವಂತಿಗೆ, ಇದು ಅದು. ವಂತಿಗೆ ಕೇಳುವಾಗ ಯಾರೂ ಪುಣ್ಯದ ಮಾತಾಡುತ್ತಿರಲಿಲ್ಲ, ಇಷ್ಟು ಖರ್ಚಿದೆ, ನಿಮ್ಮ ಮನೆಯದು ಇಷ್ಟು ಎನ್ನುತ್ತಿದ್ದರು. ನಮ್ಮೂರಿನಲ್ಲಿ ಕೈಲಾಗದ ಮನೆಯವರು ಚಪ್ಪರಕ್ಕೆ ಸೊಪ್ಪು ತರುತ್ತಿದ್ದರು, ತೇರಿನ ಹಗ್ಗಕ್ಕೆ ಆಳು ಕೊಡುತ್ತಿದ್ದರು, ಅದೂ ಅವರ ಪಾಲು. ನಾನು 2019ರಲ್ಲಿ ಮಾಡಿದ್ದು ವಂತಿಗೆಯನ್ನು ದಾನದ ಹರಾಜಾಗಿ ಮಾರ್ಪಡಿಸಿದ್ದು. ಹರಾಜಿನಲ್ಲಿ ಕೈಲಾಗದವನಿಗೆ ಜಾಗವೇ ಇಲ್ಲ.

ಸಮಾಜಶಾಸ್ತ್ರ ನಮಗೆ ಹೆಚ್ಚು ನೆರವಾಗುವುದು ಇಲ್ಲೇ. ನಾವು ಐನೂರು ಜನಕ್ಕೆ ಒಂದೇ ಇಮೇಲ್ ಕಳಿಸಿ ಉತ್ತರವಿಲ್ಲವೆಂದು ಗೊಣಗುತ್ತೇವೆ. 1968ರಲ್ಲಿ ಡಾರ್ಲಿ, ಲಟಾನೆ ಎಂಬಿಬ್ಬರು ನಡೆಸಿದ ಪ್ರಯೋಗದಲ್ಲಿ, ಬೇರೆ ಕೋಣೆಯಲ್ಲಿ ಒಬ್ಬನಿಗೆ ಮೂರ್ಛೆ ಬಂದಂತೆ ಇಂಟರ್‌ಕಾಮಿನಲ್ಲಿ ಕೇಳಿಸಿದಾಗ, ತಾನೊಬ್ಬನೇ ಕೇಳುತ್ತಿದ್ದೇನೆ ಎಂದುಕೊಂಡವರಲ್ಲಿ ಶೇಕಡಾ 85 ಮಂದಿ ಅವನ ನರಳಾಟ ನಿಲ್ಲುವ ಮೊದಲೇ ಎದ್ದು ಹೋದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಹಾಗೆ ಹೋದವರು ಶೇಕಡಾ 31. ಎಲ್ಲರಿಗೂ ಹೇಳಿದ್ದು ಯಾರಿಗೂ ಹೇಳಿದಂತಲ್ಲ. ಪರಿಚಯದವರೊಬ್ಬರು ಫೋನ್ ಮಾಡಿ, ಯೋಗಕ್ಷೇಮ ವಿಚಾರಿಸಿ, ಆಮೇಲೆ ಕೇಳಬೇಕು. ಯೋಗಕ್ಷೇಮ ನಿಜವಾಗಿ ವಿಚಾರಿಸಿದರೆ ಕೆಲಸ ಹೋದ ಸಂಗತಿ ಅಲ್ಲೇ ತಿಳಿಯುತ್ತದೆ, ಆಗ ಕೇಳದೆ ಫೋನ್ ಇಡಬಹುದು. ಪುಟ್ನಮ್ ಮತ್ತು ಕ್ಯಾಂಪ್‌ಬೆಲ್ ಎಂಬ ವಿದ್ವಾಂಸರು ಅಮೆರಿಕದ ಧಾರ್ಮಿಕ ಜೀವನದ ಮೇಲೆ 2010ರಲ್ಲಿ ಬರೆದ ಗ್ರಂಥದಲ್ಲಿ ಕಂಡುಕೊಂಡದ್ದೂ ಇದಕ್ಕೆ ಹೊಂದುತ್ತದೆ: ಪ್ರಾರ್ಥನಾ ಮಂದಿರಗಳಿಗೆ ಹೋಗುವವರು ಹೆಚ್ಚು ಕೊಡುತ್ತಾರೆ, ಹೆಚ್ಚು ಸೇವೆ ಮಾಡುತ್ತಾರೆ, ಆದರೆ ಅದಕ್ಕೆ ಮುಖ್ಯ ಕಾರಣ ಅವರ ನಂಬಿಕೆಯ ಗಾಢತೆಯಲ್ಲ, ಅಲ್ಲಿ ಬೆಳೆದ ಸ್ನೇಹಗಳು. ಪ್ರವಚನಕ್ಕಿಂತ ತರಕಾರಿ ಹೆಚ್ಚುವ ಮೇಜು ದೊಡ್ಡದು ಎಂದರೆ ಪಂಡಿತರು ಮುನಿಸಿಕೊಳ್ಳಬಾರದು.

ಹೆಚ್ಚು ಕೂಡಿಸಿದ ಸ್ವಯಂಸೇವಕರಿಗೆ ಗಿಫ್ಟ್ ಕಾರ್ಡ್ ಕೊಡೋಣ ಎಂಬ ಸಲಹೆಯೂ ಬಂದಿತ್ತು. ಇಸ್ರೇಲಿನಲ್ಲಿ ಮನೆಮನೆಗೆ ಹೋಗಿ ದೇಣಿಗೆ ಎತ್ತುವ ಶಾಲಾಮಕ್ಕಳ ಮೇಲೆ ಗ್ನೀಜಿ ಮತ್ತು ರುಸ್ಟಿಕಿನಿ ಇದನ್ನೇ ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದರು. ಕೂಡಿಸಿದ ಮೊತ್ತದ ನೂರಕ್ಕೆ ಒಂದರಷ್ಟು ಬಹುಮಾನ ಪಡೆದವರು ಎಲ್ಲರಿಗಿಂತ ಕಡಿಮೆ ತಂದರು, ಹತ್ತರಷ್ಟು ಪಡೆದವರು ಅದಕ್ಕಿಂತ ಹೆಚ್ಚು, ಏನೂ ಪಡೆಯದವರು ಎಲ್ಲರಿಗಿಂತ ಹೆಚ್ಚು. ಆದ್ದರಿಂದ ಗಿಫ್ಟ್ ಕಾರ್ಡ್ ಬೇಡ.

ಇಲ್ಲಿಗೆ ಎಲ್ಲ ಬಗೆಹರಿಯಿತು ಎಂದುಕೊಳ್ಳುವಷ್ಟರಲ್ಲಿ ಒಂದು ತೊಡಕು. ಕೊಡುವವನಿಗೆ ಗೊತ್ತಾದರೂ ಪರವಾಗಿಲ್ಲ ಎನ್ನುವಂಥ ತಂತ್ರವನ್ನಷ್ಟೇ ಬಳಸಬೇಕು, ಗುಟ್ಟು ಬಯಲಾದರೆ ಕೆಲಸ ಮಾಡದಂಥದ್ದು ಬೇಡ, ಎಂದು ನಾನೊಂದು ನಿಯಮ ಮಾಡಿಕೊಂಡಿದ್ದೆ. ಆಮೇಲೆ ಸ್ಮಾಲ್, ಲೋವೆನ್‌ಸ್ಟೈನ್, ಸ್ಲೋವಿಕ್ ಎಂಬ ಮೂವರ 2007ರ ಅಧ್ಯಯನದ ಬಗ್ಗೆ ಓದಿದೆ. ಪ್ರಯೋಗದಲ್ಲಿ ಭಾಗವಹಿಸಿದವರಿಗೆ 5 ಡಾಲರ್ ಕೊಟ್ಟು, ಅದರಲ್ಲಿ ಆಫ್ರಿಕದ ಹಸಿವಿಗೆ ಎಷ್ಟು ಕೊಡುತ್ತೀರಿ ಎಂದು ಕೇಳಿದರು. ಲಕ್ಷಗಟ್ಟಲೆ ಜನರ ಅಂಕಿಅಂಶ ತೋರಿಸಿದಾಗ ಸರಾಸರಿ 1.14 ಡಾಲರ್ ಬಂತು. ಮಾಲಿ ದೇಶದ ರೋಕಿಯಾ ಎಂಬ ಏಳು ವರ್ಷದ ಹುಡುಗಿಯ ಚಿತ್ರ ತೋರಿಸಿದಾಗ 2.38. ಹುಡುಗಿಯ ಜೊತೆಗೆ ಅಂಕಿಅಂಶವನ್ನೂ ಕೊಟ್ಟಾಗ 1.43ಕ್ಕೆ ಇಳಿಯಿತು. ನನ್ನನ್ನು ತಡೆದದ್ದು ಇದರ ಇನ್ನೊಂದು ಭಾಗ. ಮನುಷ್ಯರ ಮನಸ್ಸು ಹೀಗೆ ಒಬ್ಬರಿಗೆ ಕರಗುತ್ತದೆ, ಸಂಖ್ಯೆಗೆ ಕರಗುವುದಿಲ್ಲ ಎಂದು ಮೊದಲೇ ತಿಳಿಸಿ ಕೇಳಿದರೆ, ಜನ ರೋಕಿಯಾಳಿಗೂ ಕಡಿಮೆ ಕೊಟ್ಟರು, ಲಕ್ಷಾಂತರ ಜನಕ್ಕೂ ಹೆಚ್ಚು ಕೊಡಲಿಲ್ಲ. ಅಂದರೆ ನನ್ನ ನಿಯಮದಂತೆ ನಡೆದರೆ ನನ್ನ ಆತ್ಮಸಾಕ್ಷಿ ನಿರ್ಮಲ, ಊಟ ತಪ್ಪಿದ್ದು ಮಗುವಿಗೆ.

2019ರ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ನೆರೆ ಬಂದಾಗ ನಾವೂ ಹೀಗೆ ಮಾಡಿದ್ದೆವು. ಮೊದಲ ಪತ್ರದಲ್ಲಿ ಎಷ್ಟು ಹಳ್ಳಿ ಮುಳುಗಿದವು ಎಂದು ಬರೆದರೆ ಪ್ರತಿಕ್ರಿಯೆ ಅಷ್ಟಕ್ಕಷ್ಟೆ. ಎರಡನೆಯದರಲ್ಲಿ, ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದ, ನೀರಿನ ನಡುವೆ ಕಟ್ಟೆಯ ಮೇಲೆ ಕುಳಿತ ಒಂದು ಹುಡುಗಿಯ ಫೋಟೋ ಹಾಕಿದೆವು, ಚೆಕ್ ಬರತೊಡಗಿದವು. ಹಣ ತಲುಪಬೇಕಾದಲ್ಲಿಗೆ ತಲುಪಿತು. ಅದಕ್ಕಾಗಿ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಆ ಹುಡುಗಿಯ ಹೆಸರು ನಮಗೆ ಗೊತ್ತಿರಲಿಲ್ಲ. ಅದು ಯಾವ ಊರಿನ, ಯಾವ ವರ್ಷದ ಫೋಟೋ ಎಂದು ನಾವು ಕೇಳಲಿಲ್ಲ. ಅವಳ ತಾಯಿಯ ಒಪ್ಪಿಗೆಯಂತೂ ದೂರವೇ ಉಳಿಯಿತು. ನಮ್ಮ ಮಕ್ಕಳ ಫೋಟೋವನ್ನು ಶಾಲೆಯ ಪತ್ರಿಕೆಯಲ್ಲಿ ಹಾಕಲು ನಮ್ಮ ಸಹಿ ಬೇಕು.

ಆದ್ದರಿಂದ ನನ್ನ ನಿಯಮವನ್ನು ಸ್ವಲ್ಪ ಸಡಿಲಿಸಿಕೊಂಡಿದ್ದೇನೆ. ಬೇರೆಯವರ ಹಸಿವಿಗೆ ಕೇಳುವಾಗ ಒಬ್ಬರ ಕಥೆ ಹೇಳೋಣ, ಮನಸ್ಸು ಕರಗಿದರೆ ಕರಗಲಿ. ಕಥೆ ನಿಜವಾಗಿರಬೇಕು, ಆ ಒಬ್ಬರ ಒಪ್ಪಿಗೆ ಇರಬೇಕು. ನಮ್ಮದೇ ಚಾವಣಿಗೆ ಕೇಳುವಾಗ ಆ ಸಡಿಲಿಕೆ ಇಲ್ಲ. ಅಲ್ಲಿ ಖರ್ಚಿನ ಪಟ್ಟಿ ಸಾಕು. ಇದು ತರ್ಕಕ್ಕೆ ಪೂರ್ತಿ ನಿಲ್ಲುತ್ತದೆಯೋ ಇಲ್ಲವೋ, ನಿಮ್ಮಲ್ಲಿ ತತ್ವಶಾಸ್ತ್ರ ಓದಿದವರು ಹೇಳಬೇಕು.

ಮುಂದಿನ ಸಭೆಯಲ್ಲಿ ನಾನು ಇಡಲಿರುವ ಪ್ರಸ್ತಾಪ ಇಷ್ಟು. ಈ ಸಲ ಭೋಜನಕೂಟದಲ್ಲಿ ಮೈಕಿನಲ್ಲಿ ಪ್ಲೆಡ್ಜ್ ಕೂಗುವುದು ಬೇಡ. ಪ್ರತಿ ಮನೆಗೂ ಒಂದೇ ತರಹದ ಲಕೋಟೆ, ಅದರಲ್ಲೊಂದು ಚೀಟಿ: ಹಣವಾದರೆ ಎಷ್ಟು, ಅಡುಗೆಮನೆಯ ಕೆಲಸವಾದರೆ ಎಷ್ಟು ಗಂಟೆ, ಈ ವರ್ಷ ಆಗುವುದಿಲ್ಲವೆಂದರೆ ಅದಕ್ಕೂ ಒಂದು ಗೆರೆ. ಎಲ್ಲರೂ ಲಕೋಟೆ ಅಂಟಿಸಿ ಹಿಂದಿರುಗಿಸಬೇಕು. ಒಳಗೇನಿದೆ ಎಂಬುದು ಖಜಾಂಚಿಯವರಿಗೆ ಮಾತ್ರ ತಿಳಿಯುತ್ತದೆ. ಹೀಗೆ ಮಾಡಿದರೆ ಹಣ ಕಡಿಮೆ ಬರುತ್ತದೆ ಎಂದು ಖಜಾಂಚಿಯವರು ಈಗಾಗಲೇ ಎಚ್ಚರಿಸಿದ್ದಾರೆ. ಬಹುಶಃ ಅವರ ಮಾತೇ ನಿಜವಾಗಬಹುದು. ಹಾಗಾದರೆ ಬಕೆಟ್ ಇನ್ನೊಂದು ಚಳಿಗಾಲ ಅಲ್ಲೇ ಇರುತ್ತದೆ.

ಈ ಲೇಖನ ಕಳಿಸುವ ಮುನ್ನ ಆ ಮಿತ್ರರಿಗೆ ಫೋನ್ ಮಾಡಿದೆ. ಇಷ್ಟು ವರ್ಷಗಳಲ್ಲಿ ಅದೇ ಮೊದಲು. ನಿಮ್ಮ ವಿಷಯ ಬರೆಯಲೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೀರಿ, ಹೆಸರು ಬೇಡ" ಎಂದರು. ಈಗ ಕೆಲಸ ಸಿಕ್ಕಿದೆಯಂತೆ, ಮಗಳು ಕಾಲೇಜಿಗೆ ಹೋಗಿದ್ದಾಳಂತೆ. ಫೋನ್ ಇಡುವ ಮುನ್ನ ಅವರೇ ಕೇಳಿದರು, "ಪಾರ್ಕಿಂಗ್ ಲಾಟ್ ಹೇಗೆ ಬಂದಿದೆ? ನಾನು ನೋಡೇ ಇಲ್ಲ."

ಬಂದು ನೋಡಿ ಎಂದೆ. ನೋಡೋಣ ಎಂದರು.